ಹಾಡುವವರು ಎಷ್ಟು ದೂರದಲ್ಲಿದ್ದಾರೆ?

ಹಾಡು ರೆಕಾರ್ಡ್ ಮಾಡಲು ಈಗ ಸ್ಟುಡಿಯೋ ಬಾಗಿಲು ತಟ್ಟಬೇಕಿಲ್ಲ. ಒಂದು ಕಂಡೆನ್ಸರ್ ಮೈಕ್, ಒಂದು ಆಡಿಯೋ ಇಂಟರ್‌ಫೇಸ್, ಒಂದು ಲ್ಯಾಪ್‌ಟಾಪ್ ಇದ್ದರೆ ಮಲಗುವ ಕೋಣೆಯಲ್ಲೇ ಭಾವಗೀತೆ ಸಿದ್ಧವಾಗಿ, ಸಂಜೆಯೊಳಗೆ ಯೂಟ್ಯೂಬ್ ಸೇರುತ್ತದೆ. ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡಿನ ಧ್ವನಿಮುದ್ರಣಕ್ಕೂ ಮದ್ರಾಸಿಗೆ ಹೋಗಬೇಕಿತ್ತು. ಈಗ ಶಿರಸಿಯ ಹುಡುಗಿ, ರಾಯಚೂರಿನ ಹುಡುಗ ಮನೆ ಬಿಟ್ಟು ಕದಲದೆ ಇಡೀ ನಾಡಿಗೆ ತಮ್ಮ ದನಿ ಕೇಳಿಸಬಲ್ಲರು. ಈ ಬದಲಾವಣೆ ನನಗೆ ನಿಜಕ್ಕೂ ಸಂತೋಷ ಕೊಡುವಂಥದ್ದು.

ಆದರೆ ಇಂಥ ಹಾಡುಗಳನ್ನು ಕೇಳುವಾಗ ಒಂದು ತೊಡಕು ಪದೇ ಪದೇ ಎದುರಾಗುತ್ತದೆ. ದನಿ ಇಂಪಾಗಿದೆ, ಶ್ರುತಿ ಸರಿಯಿದೆ, ತಬಲಾ ಚೆನ್ನಾಗಿ ಕೂತಿದೆ. ಸಾಹಿತ್ಯ ಮಾತ್ರ ಕಿವಿಗೆ ಸಿಗುವುದಿಲ್ಲ. ಮೊದಲ ಸಾಲು ಗೊತ್ತಿದ್ದ ಕವಿತೆಯಾದರೆ ನೆನಪಿನಿಂದ ತುಂಬಿಸಿಕೊಳ್ಳುತ್ತೇವೆ, ಹೊಸ ಕವಿತೆಯಾದರೆ ಅರ್ಧ ಪದಗಳು ಕಳೆದೇ ಹೋಗುತ್ತವೆ. ಹಾಡಿದವರ ಉಚ್ಚಾರಣೆಯಲ್ಲಿ ದೋಷವಿದೆ ಎಂದುಕೊಳ್ಳುತ್ತೇವೆ. ಬಹಳಷ್ಟು ಸಲ ದೋಷ ಅವರದಲ್ಲ. ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಹಂತದಲ್ಲಿ ಧಾರಾಳವಾಗಿ ಸುರಿದ ರಿವರ್ಬ್ ಆ ಪದಗಳನ್ನು ನುಂಗಿರುತ್ತದೆ.

ರಿವರ್ಬ್ ಎಂದರೆ ದನಿಗೆ ಹಚ್ಚುವ ಮೆರುಗು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಯಲ್ಲಿ ಗಾಯಕರು ಹಾಡು ಶುರುಮಾಡುವ ಮುನ್ನ ಸೌಂಡ್‌ನವರ ಕಡೆ ತಿರುಗಿ 'ಸಾರ್, ಸ್ವಲ್ಪ ಎಕೋ ಕೊಡಿ' ಎಂದು ಕೈಸನ್ನೆ ಮಾಡುವುದನ್ನು ಯಾರು ನೋಡಿಲ್ಲ? ನಾನು ಹೇಳಹೊರಟಿರುವುದು ಇದಕ್ಕೆ ಬೇರೆಯಾದ ಮಾತು. ಹಾಡುವವರು ಎಂಥ ಜಾಗದಲ್ಲಿದ್ದಾರೆ, ಕೇಳುವವರಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಕಿವಿಗೆ ತಿಳಿಸುವುದೇ ರಿವರ್ಬ್‌ನ ಕೆಲಸ. ಆ ದೂರವನ್ನು ಮೊದಲು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡವರ ಕೈಯಲ್ಲಿ ರಿವರ್ಬ್ ಹಾಡನ್ನು ಕಾಯುತ್ತದೆ. ತೀರ್ಮಾನವಿಲ್ಲದೆ ನಾಬ್ ತಿರುಗಿಸಿದರೆ ಮೊದಲ ಪೆಟ್ಟು ಬೀಳುವುದು ಪದಗಳಿಗೆ.

ಗೋಡೆಗಳು ಹೇಳುವ ಸಂಗತಿ

ಹೊಸ ಮನೆಗೆ ಸಾಮಾನು ಬರುವ ಮೊದಲು ನಡುಮನೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಕೈಯಿಂದ ಹೊರಟ ಸದ್ದು ಮೊದಲು ನೇರವಾಗಿ ಕಿವಿಗೆ ಬರುತ್ತದೆ. ಆಮೇಲೆ ಹತ್ತಿರದ ಗೋಡೆ, ನೆಲ, ತಾರಸಿಗೆ ಬಡಿದು ವಾಪಸಾದ ಕೆಲವು ಸದ್ದುಗಳು ಒಂದೊಂದಾಗಿ ಬರುತ್ತವೆ. ಅವು ಮತ್ತೆ ಬೇರೆ ಗೋಡೆಗಳಿಗೆ ಬಡಿದು, ಒಂದು ನೂರಾಗಿ, ನೂರು ಸಾವಿರವಾಗಿ, ಕೊನೆಗೆ ಬಿಡಿಸಲಾಗದ ಒಂದೇ ಗುಂಗಾಗಿ ಕ್ಷೀಣಿಸುತ್ತವೆ. ನೇರ ಸದ್ದು, ಮೊದಲ ಪ್ರತಿಫಲನಗಳು, ಕೊನೆಯ ಬಾಲ ಎಂಬ ಈ ಮೂರೂ ಸೇರಿದ್ದೇ ಕೋಣೆಯ ದನಿ.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ ಒಂದು ಮೀಟರ್ ದಾಟಲು ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಈ ಸಣ್ಣ ಲೆಕ್ಕವನ್ನು ನಮ್ಮ ಮೆದುಳು ಹುಟ್ಟಿನಿಂದಲೂ ಮಾಡಿಕೊಂಡು ಬಂದಿದೆ. ನೇರ ಸದ್ದು ಬಂದ ಎಷ್ಟು ಹೊತ್ತಿಗೆ ಮೊದಲ ಪ್ರತಿಫಲನ ಬಂತು, ನೇರ ಸದ್ದು ಹೆಚ್ಚೋ ಗುಂಗು ಹೆಚ್ಚೋ, ಗುಂಗಿನಲ್ಲಿ ಚುರುಕಾದ ತಾರ ಕಂಪನಗಳು ಎಷ್ಟು ಉಳಿದಿವೆ ಎಂಬುದನ್ನೆಲ್ಲ ತೂಗಿ ನೋಡಿ, ಕಣ್ಣು ಮುಚ್ಚಿದ್ದರೂ 'ಇದು ಬಚ್ಚಲುಮನೆ, ಇದು ದೇವಸ್ಥಾನದ ಪ್ರಾಕಾರ' ಎಂದು ಗುರುತಿಸುತ್ತದೆ.

ಎಕೋ ಬೇರೆ, ರಿವರ್ಬ್ ಬೇರೆ. ವಾಪಸು ಬಂದ ಮಾತು ಮೂಲದಿಂದ ಸುಮಾರು 50 ಮಿಲಿಸೆಕೆಂಡಿಗಿಂತ ತಡವಾಗಿ, ಸಾಕಷ್ಟು ಗಟ್ಟಿಯಾಗಿ ಬಂದರೆ ಕಿವಿ ಅದನ್ನು ಎರಡನೆಯ ಮಾತೆಂದು ಬೇರೆಯಾಗಿ ಕೇಳುತ್ತದೆ. ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಇದಕ್ಕೆ ನಮ್ಮ ನಾಡಿನ ದೊಡ್ಡ ನಿದರ್ಶನ. ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್. ಸದ್ದು ಅಡ್ಡಲಾಗಿ ಹೋಗಿ ಬರಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟು ಬಿಡುವು ಸಿಗುವುದರಿಂದಲೇ ಅಲ್ಲಿ ಒಂದು ಕೂಗು ಏಳೆಂಟು ಸಲ ಬಿಡಿಬಿಡಿಯಾಗಿ ಮರಳಿ ಕೇಳುತ್ತದೆ. ಅದು ಎಕೋ. ಬಿಡಿಸಿ ಎಣಿಸಲಾಗದಷ್ಟು ದಟ್ಟವಾಗಿ ಬಂದರೆ ರಿವರ್ಬ್. ಮಿಕ್ಸಿಂಗ್‌ನಲ್ಲಿ ಇವೆರಡಕ್ಕೆ ಬೇರೆ ಬೇರೆ ಉಪಕರಣಗಳಿವೆ: ಎಕೋಗೆ ಡಿಲೇ, ಗುಂಗಿಗೆ ರಿವರ್ಬ್.

ಗುಂಗು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಮೊದಲು ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ವಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಯಾರು ಮಾತಾಡಿದರೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡ್ ಅಲ್ಲೇ ಸುತ್ತುತ್ತಿತ್ತು. ಸರಿಪಡಿಸುವ ಕೆಲಸ ಸಬೈನ್ ಪಾಲಿಗೆ ಬಂತು. ಅವರು ರಾತ್ರಿಯ ನೀರವದಲ್ಲಿ ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತರಿಸಿ ಹಾಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ತನಕ ಸಮಯ ಎಣಿಸಿದರು. ಮೆತ್ತೆ ಹೆಚ್ಚಿದಂತೆ ಗುಂಗು ಕುಗ್ಗಿತು. ಆ ರಾತ್ರಿಗಳ ದುಡಿಮೆಯಿಂದ ಹುಟ್ಟಿದ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಸಭಾಂಗಣದ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಸದ್ದು 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ಇದೇ ಲೆಕ್ಕವಿಟ್ಟುಕೊಂಡು ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಅದು ಇವತ್ತಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳಲ್ಲೊಂದು.

ಈ ಸೂತ್ರವನ್ನು ನಮ್ಮ ಕಲ್ಯಾಣ ಮಂಟಪಕ್ಕೆ ಹಚ್ಚಿ ನೋಡೋಣ. 20 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರ, ಗ್ರಾನೈಟ್ ನೆಲ, ಬರೀ ಗೋಡೆ. ಖಾಲಿಯಿದ್ದಾಗ ಒಟ್ಟು ಹೀರಿಕೆ 60 ಚದರ ಮೀಟರ್ ಎಂದಿಟ್ಟುಕೊಂಡರೆ ಗುಂಗು ಹತ್ತಿರ ಹತ್ತಿರ 4 ಸೆಕೆಂಡ್. ಬೆಳಿಗ್ಗೆ ವಾಲಗದವರು ಶ್ರುತಿ ಹಿಡಿಯುವಾಗ ಕಿವಿ ಗಡಚಿಕ್ಕುವುದು ಇದಕ್ಕೇ. ಮುಹೂರ್ತದ ಹೊತ್ತಿಗೆ 400 ಜನ ಬಂದು ಕೂತರು. ಬಟ್ಟೆಬರೆ ಸಮೇತ ಒಬ್ಬೊಬ್ಬರು ಸುಮಾರು ಅರ್ಧ ಚದರ ಮೀಟರಿನಷ್ಟು ಸದ್ದು ಹೀರುತ್ತಾರೆ. ಈಗ ಗುಂಗು ಒಂದು ಸೆಕೆಂಡಿಗಿಂತ ಕಡಿಮೆ. ಅದೇ ನಾಗಸ್ವರ, ಅದೇ ಡೋಲು ಈಗ ಹಿತವಾಗಿ ಕೇಳುತ್ತದೆ. ರಿವರ್ಬ್ ಸೇರಿಸುವ ತಂತ್ರಾಂಶದಲ್ಲಿ, ಅಂದರೆ ಪ್ಲಗಿನ್‌ನಲ್ಲಿ, 'ಡಿಕೇ' ಎಂದು ಬರೆದಿರುವ ನಾಬ್ ತಿರುಗಿಸುವಾಗ ನಾವು ಮಾಡುತ್ತಿರುವುದು ಇದನ್ನೇ, ಮಂಟಪಕ್ಕೆ ಜನರನ್ನು ತುಂಬಿಸುವುದು ಅಥವಾ ಖಾಲಿ ಮಾಡುವುದು.

ಬಚ್ಚಲುಮನೆಯಿಂದ ಪ್ಲಗಿನ್ ತನಕ

ಮೈಕನ್ನು ಬಾಯಿಗೆ ಹತ್ತಿರ ಇಟ್ಟು ರೆಕಾರ್ಡ್ ಮಾಡುವ ಪದ್ಧತಿ ಬಂದ ಮೇಲೆ ಕೋಣೆಯ ದನಿ ಧ್ವನಿಮುದ್ರಣದಿಂದ ದೂರವಾಯಿತು. ಅದನ್ನು ಬೇಕಾದಷ್ಟೇ ಮತ್ತೆ ಸೇರಿಸಿಕೊಳ್ಳುವ ದಾರಿ ಹುಡುಕಬೇಕಾಯಿತು. 1947ರಲ್ಲಿ ಷಿಕಾಗೋದ ಯೂನಿವರ್ಸಲ್ ರೆಕಾರ್ಡಿಂಗ್ ಸ್ಟುಡಿಯೋದ ಬಿಲ್ ಪಟ್ನಮ್ ಹಾರ್ಮೋನಿಕ್ಯಾಟ್ಸ್ ತಂಡದ 'ಪೆಗ್ ಓ ಮೈ ಹಾರ್ಟ್' ಧ್ವನಿಮುದ್ರಣದ ಸದ್ದನ್ನು ಬಚ್ಚಲುಮನೆಯಲ್ಲಿಟ್ಟ ಸ್ಪೀಕರಿಗೆ ಕಳಿಸಿ, ಅಲ್ಲಿನ ಗುಂಗನ್ನು ಮೈಕಿನಿಂದ ಹಿಡಿದು ವಾಪಸು ತಂದರು. ದೊಡ್ಡ ಸ್ಟುಡಿಯೋಗಳು ಇದಕ್ಕೆಂದೇ ಬರಿಗೋಡೆಯ ಚೇಂಬರ್ ಕಟ್ಟಿಸಿದವು.

1957ರಲ್ಲಿ ಜರ್ಮನಿಯ ಇಎಂಟಿ ಕಂಪನಿಯ 140 ಮಾದರಿಯ ಪ್ಲೇಟ್ ಬಂತು. ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಎತ್ತರ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯನ್ನು ಚೌಕಟ್ಟಿಗೆ ಬಿಗಿದು ನೇತುಹಾಕಿ, ಸದ್ದಿನಿಂದ ಅದನ್ನು ನಡುಗಿಸುವ ಯಂತ್ರ. ಕಾಲು ಟನ್ನಿಗೂ ಹೆಚ್ಚು ತೂಕ. ನಿಜವಾದ ಕೋಣೆಯಂತೆ ಅದರಲ್ಲಿ ಬಿಡಿ ಪ್ರತಿಫಲನಗಳಿಲ್ಲ, ಸದ್ದು ಬಿದ್ದ ತಕ್ಷಣ ಗುಂಗು ದಟ್ಟವಾಗಿ ಹೊಮ್ಮುತ್ತದೆ. ಹಾಗಾಗಿ ಅದು ಗಾಯಕರನ್ನು ಯಾವುದೋ ಕೋಣೆಯೊಳಗೆ ತಳ್ಳದೆ, ನಿಂತಲ್ಲೇ ದನಿಗೆ ಮೈ ತುಂಬಿಕೊಡುತ್ತದೆ. ಹಾಡುವ ದನಿಗೆ ಪ್ಲೇಟ್ ಇಂದಿಗೂ ಮೊದಲ ಆಯ್ಕೆಯಾಗಿರುವುದು ಈ ಗುಣದಿಂದ.

1960ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಮನ್‌ಫ್ರೆಡ್ ಶ್ರೋಡರ್ ಗುಂಗನ್ನು ಗಣಿತದಿಂದಲೇ ಕಟ್ಟಬಹುದೆಂದು ತೋರಿಸಿದರು. 1976ರಲ್ಲಿ ಇಎಂಟಿ 250, 1978ರಲ್ಲಿ ಲೆಕ್ಸಿಕಾನ್ 224 ಎಂಬ ಡಿಜಿಟಲ್ ಪೆಟ್ಟಿಗೆಗಳು ಬಂದವು. ನಿಜವಾದ ಜಾಗದ ಗುಂಗನ್ನೇ ಅಳೆದು ತಂದು ಯಾವ ದನಿಗೆ ಬೇಕಾದರೂ ಹಚ್ಚುವ ಕಾನ್ವಲ್ಯೂಷನ್ ವಿಧಾನ ಆಮೇಲಿನದು. ಇವೆಲ್ಲವೂ ಈಗ ಪ್ಲಗಿನ್ ಆಗಿ ಲ್ಯಾಪ್‌ಟಾಪಿನಲ್ಲಿ ಕೂತಿವೆ, ಎಷ್ಟೋ ಉಚಿತವಾಗಿಯೇ ಸಿಗುತ್ತವೆ. ಹಾಗಾಗಿ ನಮ್ಮ ಹುಡುಗರಿಗೆ ಉಪಕರಣದ ಕೊರತೆಯಿಲ್ಲ. ಯಾವಾಗ, ಎಷ್ಟು, ಯಾವುದಕ್ಕೆ ಎಂಬ ವಿವೇಚನೆಯೇ ಈಗಿನ ಅಗತ್ಯ.

ಕೋಣೆಯನ್ನು ಹೊರಗಿಡುವುದು

ವಿವೇಚನೆ ಶುರುವಾಗಬೇಕಾದದ್ದು ರೆಕಾರ್ಡಿಂಗ್ ಹೊತ್ತಿಗೇ. ರಿವರ್ಬನ್ನು ಆಮೇಲೆ ಎಷ್ಟು ಬೇಕಾದರೂ ಸೇರಿಸಬಹುದು. ದನಿಯ ಜೊತೆಗೇ ಮುದ್ರಿತವಾದ ಕೋಣೆಯ ಸದ್ದನ್ನು ಚೊಕ್ಕವಾಗಿ ತೆಗೆಯುವುದು ಬಹಳ ಕಷ್ಟ.

ಹತ್ತಡಿ ಹನ್ನೆರಡಡಿಯ ಮಲಗುವ ಕೋಣೆಯನ್ನೇ ತೆಗೆದುಕೊಳ್ಳಿ. ಗಾಯಕಿ ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ನಿಂತರೆ ದನಿ ಗೋಡೆಗೆ ಬಡಿದು ಮೂರು ಮಿಲಿಸೆಕೆಂಡಿನಲ್ಲಿ ಮೈಕಿಗೆ ವಾಪಸು ಬರುತ್ತದೆ. ಅಷ್ಟು ಬೇಗ ಬಂದದ್ದು ಗುಂಗಾಗಿ ಕೇಳಿಸದೆ ಮೂಲ ದನಿಯೊಡನೆ ಕಲೆತು ಕೆಲವು ಕಂಪನಗಳನ್ನು ಏರಿಸಿ, ಕೆಲವನ್ನು ಅಳಿಸಿ, ದನಿಯನ್ನು ಡಬ್ಬದೊಳಗಿನ ದನಿಯಾಗಿಸುತ್ತದೆ. ಇದರ ಮೇಲೆ ಎಂಥ ದುಬಾರಿ ಹಾಲ್ ರಿವರ್ಬ್ ಹಾಕಿದರೂ ಕಿವಿಗೆ ಕೇಳುವುದು ಹಾಲ್‌ನೊಳಗೆ ಇಟ್ಟ ಒಂದು ಸಣ್ಣ ಕೋಣೆ.

ಪರಿಹಾರ ಖರ್ಚಿನದಲ್ಲ. ಕೋಣೆಯ ನಟ್ಟನಡುವೆ ಬೇಡ, ಗೋಡೆಗೆ ಅಂಟಿಕೊಂಡೂ ಬೇಡ. ಬಟ್ಟೆ ತುಂಬಿದ ಬೀರು ಬಾಗಿಲು ತೆರೆದಿಡಿ. ಗಾಯಕಿಯ ಬೆನ್ನ ಹಿಂದೆ ದಪ್ಪ ರಜಾಯಿ ನೇತುಹಾಕಿ, ಏಕೆಂದರೆ ಮೈಕಿನ ಮುಖ ತಿರುಗಿರುವುದು ಆ ಕಡೆಗೇ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯಿಡ್ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರಲಿ. ಫ್ಯಾನ್ ನಿಲ್ಲಿಸಿ. ಹೀಗೆ ಹಿಡಿದ ದನಿ ಕೇಳಲು ಒಣಗಿದಂತಿರುತ್ತದೆ, ಹಾಡಿದವರಿಗೇ ಬೇಸರ ತರಿಸಬಹುದು. ಅಷ್ಟು ಒಣ ದನಿಯಲ್ಲಿ ಶ್ರುತಿ ಹಿಡಿದು ಹಾಡುವುದೂ ಕಷ್ಟ. ಅದಕ್ಕೆ ಹೆಡ್‌ಫೋನಿನಲ್ಲಿ ಮಾತ್ರ ಧಾರಾಳವಾಗಿ ರಿವರ್ಬ್ ಕೊಡಿ, ಟ್ರ್ಯಾಕಿಗೆ ಅದು ಸೇರದಿರಲಿ. ಗಾಯಕರಿಗೆ ಧೈರ್ಯವೂ ಸಿಗುತ್ತದೆ, ನಿಮ್ಮ ಕೈಯಲ್ಲಿ ಶುದ್ಧ ದನಿಯೂ ಉಳಿಯುತ್ತದೆ.

ಒಂದು ಭಾವಗೀತೆ, ಮೂರು ದೂರ

ಈಗ ಮಿಕ್ಸಿಂಗ್. ಹಾಡುವ ದನಿ, ಕೊಳಲು, ತಬಲಾ, ಗಿಟಾರ್, ಹಿಂದೆ ಕೀಬೋರ್ಡಿನ ಸ್ಟ್ರಿಂಗ್ಸ್ ಇರುವ ಒಂದು ಭಾವಗೀತೆ ಎಂದುಕೊಳ್ಳೋಣ. ಲಯ ನಿಮಿಷಕ್ಕೆ 80 ಬೀಟ್. ಕೈ ಮೌಸಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದದ್ದು: ಇದು ಎಲ್ಲಿ ನಡೆಯುತ್ತಿದೆ? ನೂರು ಜನ ಕೂರುವ ಒಂದು ಆಪ್ತ ಸಭಾಂಗಣ, ಗಾಯಕಿ ನನ್ನಿಂದ ನಾಲ್ಕು ಅಡಿ ದೂರ, ತಬಲಾ ಗಿಟಾರ್ ಅವರ ಪಕ್ಕದಲ್ಲೇ, ಕೊಳಲು ತುಸು ಹಿಂದೆ, ಸ್ಟ್ರಿಂಗ್ಸ್ ಎಲ್ಲರಿಗಿಂತ ಹಿಂದೆ. ಈ ಚಿತ್ರ ಖಚಿತವಾದರೆ ಅರ್ಧ ಕೆಲಸ ಮುಗಿಯಿತು.

ಮೊದಲನೆಯದಾಗಿ, ಪ್ರತಿ ಟ್ರ್ಯಾಕಿಗೂ ಒಂದೊಂದು ರಿವರ್ಬ್ ಹಾಕಬೇಡಿ. ಐದು ವಾದ್ಯ ಐದು ಊರುಗಳಲ್ಲಿ ಕೂತು ನುಡಿಸಿದಂತಾಗುತ್ತದೆ. ಬೇರೆ ಒಂದು ಬಸ್‌ನಲ್ಲಿ, ಅಂದರೆ ಹಲವು ಟ್ರ್ಯಾಕುಗಳು ಬಂದು ಸೇರುವ ಹಾದಿಯಲ್ಲಿ, ರಿವರ್ಬ್ ಇಟ್ಟು, ಬರೀ ಗುಂಗು ಮಾತ್ರ ಹೊರಬರುವಂತೆ ಅದನ್ನು ಪೂರ್ತಿ ವೆಟ್ ಮಾಡಿ, ಎಲ್ಲ ಟ್ರ್ಯಾಕುಗಳಿಂದಲೂ ಸೆಂಡ್ ಮೂಲಕ ಬೇಕಾದಷ್ಟು ಕಳಿಸಿ. ಎಲ್ಲರೂ ಒಂದೇ ಸೂರಿನಡಿ ಬರುತ್ತಾರೆ. ದನಿಗೆ ಮಾತ್ರ ಬೇಕಿದ್ದರೆ ಇನ್ನೊಂದು ಪ್ಲೇಟ್ ಇರಲಿ. ಇಡೀ ಹಾಡಿಗೆ ಎರಡು, ಹೆಚ್ಚೆಂದರೆ ಮೂರು ರಿವರ್ಬ್ ಸಾಕು.

ಎರಡನೆಯದು ಪ್ರಿ-ಡಿಲೇ. ನೇರ ದನಿ ಬಂದು ಎಷ್ಟು ಹೊತ್ತಿನ ಮೇಲೆ ಗುಂಗು ಶುರುವಾಗಬೇಕು ಎಂಬ ಲೆಕ್ಕ ಇದು. ದೊಡ್ಡ ಸಭಾಂಗಣದಲ್ಲಿ ಗಾಯಕಿ ನಮ್ಮ ಮುಂದೆಯೇ ಇದ್ದರೆ ಅವರ ದನಿ ತಕ್ಷಣ ಬರುತ್ತದೆ, ಗೋಡೆಯ ಮಾತು ತಡವಾಗಿ ಬರುತ್ತದೆ. ಅವರು ದೂರದ ಗೋಡೆಯ ಬಳಿ ನಿಂತಿದ್ದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಹಾಗಾಗಿ ಪ್ರಿ-ಡಿಲೇ ಹೆಚ್ಚಿಸಿದರೆ ದನಿ ಹತ್ತಿರ ಬರುತ್ತದೆ, ತಗ್ಗಿಸಿದರೆ ಹಿಂದೆ ಸರಿಯುತ್ತದೆ. ಈ ಒಂದು ನಾಬ್ ಅರ್ಥವಾದವರು ಗುಂಗಿನ ಸೊಗಸನ್ನೂ ಪದಗಳ ಸ್ಪಷ್ಟತೆಯನ್ನೂ ಒಟ್ಟಿಗೆ ಉಳಿಸಿಕೊಳ್ಳಬಲ್ಲರು.

ಅದನ್ನು ಲಯಕ್ಕೆ ಹೊಂದಿಸಬಹುದು. 60,000ವನ್ನು ನಿಮಿಷದ ಬೀಟ್‌ಗಳಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 80ಕ್ಕೆ ಅದು 750. ಅದರ ಹದಿನಾರನೆಯ ಒಂದು ಭಾಗ ಸುಮಾರು 47, ಅದು ಗಾಯಕಿಯ ಪ್ರಿ-ಡಿಲೇ. ಡಿಕೇ ಎರಡು ಬೀಟಿನಷ್ಟು, ಅಂದರೆ 1.5 ಸೆಕೆಂಡ್. ಹೀಗೆ ಮಾಡಿದರೆ ಗುಂಗು ತಾಳದ ಜೊತೆಗೇ ಉಸಿರಾಡುತ್ತದೆ. ಅಂಕಿಗಳನ್ನು ಆರಂಭದ ಗೆರೆ ಎಂದಷ್ಟೇ ತಿಳಿಯಿರಿ, ಕೊನೆಯ ಮಾತು ಕಿವಿಯದು.

ಮೂರನೆಯದು ಈಕ್ಯೂ, ಅಂದರೆ ಯಾವ ಕಂಪನ ಎಷ್ಟಿರಬೇಕೆಂಬ ಹದ. ರಿವರ್ಬ್‌ಗೆ ಹೋಗುವ ದನಿಯ ತಗ್ಗು ಕಂಪನಗಳನ್ನು ಕಡಿಯದಿದ್ದರೆ ಗುಂಗು ಕೆಸರಾಗುತ್ತದೆ. ಲಂಡನ್ನಿನ ಅಬೇ ರೋಡ್ ಸ್ಟುಡಿಯೋದ ಹೆಸರಿನಲ್ಲೇ ಪ್ರಸಿದ್ಧವಾದ ಪದ್ಧತಿಯೊಂದಿದೆ: ರಿವರ್ಬ್‌ಗೆ ಕಳಿಸುವ ಮೊದಲು 600 ಹರ್ಟ್ಸ್‌ಗಿಂತ ಕೆಳಗಿನದನ್ನೂ 10,000 ಹರ್ಟ್ಸ್‌ಗಿಂತ ಮೇಲಿನದನ್ನೂ ಫಿಲ್ಟರ್ ಮಾಡುವುದು. ಭಾವಗೀತೆಯ ದನಿಗೆ ಕೆಳಗಿನ ಗೆರೆಯನ್ನು 300ರಿಂದ 600ರ ನಡುವೆ ಎಲ್ಲಾದರೂ ಎಳೆದು ನೋಡಿ. ಮೇಲಿನ ತುದಿಯನ್ನು ಇನ್ನೂ ಇಳಿಸಬಹುದು, ಏಕೆಂದರೆ ಸ, ಶ, ಚ ಅಕ್ಷರಗಳ ಸಿಳ್ಳೆ ಗುಂಗಿನಲ್ಲಿ ಸೇರಿದರೆ ಪ್ರತಿ ಸಾಲೂ ಚಿಮ್ಮುತ್ತದೆ. ಅದಕ್ಕೆ ರಿವರ್ಬ್‌ಗಿಂತ ಮುಂಚೆ ಆ ಸಿಳ್ಳೆಯನ್ನು ತಗ್ಗಿಸುವ ಡಿ-ಎಸ್ಸರ್ ಒಂದನ್ನು ಇಡುವುದು ಇನ್ನೂ ಒಳ್ಳೆಯದು.

ವಾದ್ಯಗಳಿಗೂ ಇದೇ ನ್ಯಾಯ. ತಬಲಾದ ದಾಯಾಕ್ಕೆ ಸ್ವಲ್ಪ ಗುಂಗು ಒಪ್ಪುತ್ತದೆ, ಬಾಯಾದ ಗುಮುಕಿಗೆ ಒಪ್ಪುವುದಿಲ್ಲ. ತಗ್ಗು ದನಿಗೆ ಗುಂಗು ಸೇರಿದರೆ ತಾಳದ ಕಟ್ಟು ಸಡಿಲವಾಗುತ್ತದೆ. ಕೊಳಲಿಗೆ ಗಾಯಕಿಗಿಂತ ಹೆಚ್ಚು ಸೆಂಡ್, ಕಡಿಮೆ ಪ್ರಿ-ಡಿಲೇ, ಆಗ ಅದು ತಾನಾಗಿ ಹಿಂದೆ ಸರಿಯುತ್ತದೆ. ಪ್ರಿ-ಡಿಲೇ ಬೇರೆ ಬೇಕಾದ್ದರಿಂದ ಸೂರು ಒಂದೇ ಆದರೂ ಗಾಯಕಿಯ ಸೆಂಡಿನ ದಾರಿಯಲ್ಲಿ ಮಾತ್ರ ಆ 47 ಮಿಲಿಸೆಕೆಂಡಿನ ಡಿಲೇ ಇಡಿ. ಸ್ಟ್ರಿಂಗ್ಸ್‌ಗೆ ಎಲ್ಲಕ್ಕಿಂತ ಹೆಚ್ಚು ಸೆಂಡ್. ಕೀಬೋರ್ಡಿನ ಸ್ಟ್ರಿಂಗ್ಸ್ ಸದ್ದಿನೊಳಗೇ ರಿವರ್ಬ್ ತುಂಬಿರುತ್ತದೆ, ಅದನ್ನು ಮೊದಲು ಆರಿಸಿ. ಕರ್ನಾಟಕ ಸಂಗೀತವಾದರೆ ಎಚ್ಚರ ಇಮ್ಮಡಿಯಾಗಬೇಕು. ಗಮಕ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಹಿಂದಿನ ಸ್ವರದ ಗುಂಗು ಮುಂದಿನದರ ಮೇಲೆ ಬಿದ್ದರೆ ಆ ಜಾರಿನ ಗೆರೆಯೇ ಮಸುಕಾಗುತ್ತದೆ. ತಂಬೂರಿ ಹೇಗೂ ಸ್ವರಗಳ ನಡುವಿನ ಜಾಗವನ್ನು ತುಂಬುತ್ತಿರುತ್ತದೆ. ಅಲ್ಲಿ ಒಂದು ಸೆಕೆಂಡಿನ ಆಸುಪಾಸಿನ ಗುಂಗು, ಅದೂ ಹಿತಮಿತವಾಗಿ, ಸಾಕೇ ಸಾಕು.

ಒತ್ತಕ್ಷರದ ನಿಶ್ಶಬ್ದ

ಕನ್ನಡ ಹಾಡನ್ನು ಮಿಕ್ಸ್ ಮಾಡುವವರು ವಿಶೇಷವಾಗಿ ಕಿವಿಗೊಡಬೇಕಾದ ಜಾಗ ಒಂದಿದೆ. 'ಮುತ್ತು' ಎಂಬ ಪದವನ್ನು ನಿಧಾನವಾಗಿ ಹೇಳಿಕೊಳ್ಳಿ. 'ಮು' ಆದ ಮೇಲೆ ನಾಲಿಗೆ ಹಲ್ಲಿಗೆ ಒತ್ತಿ ಉಸಿರನ್ನು ಕಟ್ಟುತ್ತದೆ. ಆ ಕ್ಷಣ ಬಾಯಿಂದ ಯಾವ ಸದ್ದೂ ಹೊರಡುವುದಿಲ್ಲ. ಆಮೇಲೆ 'ತು' ಸಿಡಿಯುತ್ತದೆ. ಬರೀ 'ತ'ಕಾರಕ್ಕೆ ಹೋಲಿಸಿದರೆ 'ತ್ತ'ದಲ್ಲಿ ಈ ನಿಶ್ಶಬ್ದ ಸುಮಾರು ಎರಡು ಪಟ್ಟು ಉದ್ದ. ಕತೆಗೂ ಕತ್ತೆಗೂ, ಕಟುವಿಗೂ ಕಟ್ಟಿಗೂ ಕಿವಿ ವ್ಯತ್ಯಾಸ ಹಿಡಿಯುವುದು ಮುಖ್ಯವಾಗಿ ಈ ಉದ್ದದಿಂದ. ಹಕ್ಕಿ, ಬೆಟ್ಟ, ಕತ್ತಲೆ, ಚಿಟ್ಟೆ, ಹೊತ್ತು: ನಮ್ಮ ಕವಿತೆಗಳ ತುಂಬ ಇಂಥ ಪದಗಳೇ.

ಇದರ ಮೇಲೆ ಎರಡೂವರೆ ಸೆಕೆಂಡಿನ ಹಾಲ್ ರಿವರ್ಬ್ ಹಾಕಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕೋಣ. ಗುಂಗು 60 ಡೆಸಿಬೆಲ್ ಇಳಿಯಲು ಎರಡೂವರೆ ಸೆಕೆಂಡ್ ಬೇಕು. ಒತ್ತಕ್ಷರದ ನಿಶ್ಶಬ್ದ 150 ಮಿಲಿಸೆಕೆಂಡ್ ಇದ್ದರೆ ಅಷ್ಟು ಹೊತ್ತಿನಲ್ಲಿ ಗುಂಗು ಇಳಿಯುವುದು ಬರೀ 3.6 ಡೆಸಿಬೆಲ್. ಅಂದರೆ ನಾಲಿಗೆ ಕಟ್ಟಿದ ನಿಶ್ಶಬ್ದವನ್ನು ಹಿಂದಿನ 'ಉ'ಕಾರದ ಗುಂಗು ಪೂರ್ತಿ ತುಂಬಿಬಿಡುತ್ತದೆ. ಗಾಯಕಿ ಒತ್ತು ಕೊಟ್ಟೇ ಹಾಡಿದ್ದಾರೆ, ಕೇಳುವವರಿಗೆ ಒತ್ತು ತಲುಪಿಲ್ಲ. 1.2 ಸೆಕೆಂಡಿನ ಡಿಕೇ ಇಟ್ಟರೆ ಅದೇ ಬಿಡುವಿನಲ್ಲಿ ಗುಂಗು 7.5 ಡೆಸಿಬೆಲ್ ಇಳಿಯುತ್ತದೆ. ಅಷ್ಟರಲ್ಲೇ ಅಕ್ಷರ ಬದುಕುತ್ತದೆ.

ಉದ್ದನೆಯ ಗುಂಗು ಬೇಕೇ ಬೇಕು ಎನ್ನುವ ಹಾಡಿಗೆ ಇನ್ನೊಂದು ಉಪಾಯವಿದೆ, ಡಕಿಂಗ್. ರಿವರ್ಬ್ ಬಸ್ ಮೇಲೆ ಒಂದು ಕಂಪ್ರೆಸರ್ ಇಟ್ಟು, ಅದರ ಸೈಡ್‌ಚೈನ್‌ಗೆ, ಅಂದರೆ ಅದನ್ನು ನಡೆಸುವ ಒಳಹಾದಿಗೆ, ಒಣ ದನಿಯನ್ನು ಕೊಡಬೇಕು. ಗಾಯಕಿ ಹಾಡುತ್ತಿರುವಾಗ ಗುಂಗು ತಾನೇ ನಾಲ್ಕೈದು ಡೆಸಿಬೆಲ್ ತಗ್ಗಿ ನಿಲ್ಲುತ್ತದೆ, ಸಾಲು ಮುಗಿದಾಗ ಮೇಲೇಳುತ್ತದೆ. ಇಲ್ಲಿ ರಿಲೀಸ್ ಸಮಯ, ಅಂದರೆ ತಗ್ಗಿದ ಗುಂಗು ಮತ್ತೆ ಮೇಲೇಳಲು ಹಿಡಿಯುವ ಹೊತ್ತು, 300 ಮಿಲಿಸೆಕೆಂಡ್ ಅಥವಾ ಹೆಚ್ಚಿರಲಿ. ಒತ್ತಕ್ಷರದ ಬಿಡುವಿಗಿಂತ ಅದು ಉದ್ದವಿದ್ದರೆ ಪದದ ನಡುವೆ ಗುಂಗು ತಲೆಯೆತ್ತುವುದಿಲ್ಲ. ಕಡಿಮೆಯಿಟ್ಟರೆ ಪ್ರತಿ ಒತ್ತಕ್ಷರದಲ್ಲೂ ಗುಂಗು ಎದ್ದು ಬಂದು ಮೊದಲಿಗಿಂತ ಕೆಟ್ಟದಾಗುತ್ತದೆ. ಇಂಗ್ಲಿಷ್ ಹಾಡುಗಳಿಗೆಂದು ತಯಾರಾದ ಪ್ರಿಸೆಟ್‌ಗಳನ್ನು ಹಾಗೇ ಎತ್ತಿಕೊಳ್ಳುವವರು ಈ ಒಂದು ಸಂಖ್ಯೆಯನ್ನಾದರೂ ನಮ್ಮ ಭಾಷೆಯನ್ನು ಕೇಳಿ ತಿದ್ದಿಕೊಳ್ಳಬೇಕು.

ಗುಂಗು ನಿಜವಾಗಿ ಬೆಳಗಬೇಕಾದದ್ದು ಸಾಲಿನ ಕೊನೆಯಲ್ಲಿ. ಪಲ್ಲವಿ ಮುಗಿದು ಗಾಯಕಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಕೊನೆಯ ಸ್ವರದ ಸೆಂಡನ್ನು ಆಟೋಮೇಷನ್‌ನಿಂದ ಏರಿಸಿ, ಮುಂದಿನ ಸಾಲು ಬರುವ ಮುನ್ನ ಇಳಿಸಿ. ಇಡೀ ಹಾಡಿಗೆ ಹಚ್ಚಿದ ದಪ್ಪ ಗುಂಗಿಗಿಂತ ಇಂಥ ನಾಲ್ಕೈದು ಕ್ಷಣಗಳು ಕೇಳುವವರ ಮನಸ್ಸನ್ನು ಹೆಚ್ಚು ತಟ್ಟುತ್ತವೆ.

ಹೆಚ್ಚು ರಿವರ್ಬ್ ತಪ್ಪೆಂದು ನಾನು ಹೇಳುತ್ತಿಲ್ಲ. 1980ರಲ್ಲಿ ಬಂದ, ಬ್ರಿಟಿಷ್ ಗಾಯಕ ಪೀಟರ್ ಗೇಬ್ರಿಯಲ್ ಅವರ ಮೂರನೆಯ ಆಲ್ಬಮ್ಮಿಗೆ ಫಿಲ್ ಕಾಲಿನ್ಸ್ ಬಾರಿಸಿದ ಡ್ರಮ್ಸ್‌ಗೆ ಎಂಜಿನಿಯರ್ ಹ್ಯೂ ಪ್ಯಾಜಮ್ ಕೋಣೆಯ ದೊಡ್ಡ ಗುಂಗನ್ನು ಸೇರಿಸಿ, ಗೇಟ್ ಹಾಕಿ ಅದನ್ನು ಥಟ್ಟನೆ ಕತ್ತರಿಸಿದರು. ಇಡೀ ದಶಕದ ಡ್ರಮ್ಸ್ ಸದ್ದೇ ಅದರಿಂದ ಬದಲಾಯಿತು. ಅಲ್ಲಿ ಗುಂಗು ಹೇರಳವಾಗಿತ್ತು, ಆದರೆ ಎಲ್ಲಿ ನಿಲ್ಲಬೇಕು ಎಂಬುದು ಖಚಿತವಾಗಿತ್ತು. ಸಾಹಿತ್ಯವಿಲ್ಲದ ಆಲಾಪಕ್ಕೆ, ಬಿಡಿ ಕೊಳಲಿಗೆ, ಸಿನಿಮಾದ ಹಿನ್ನೆಲೆ ಸಂಗೀತಕ್ಕೆ ನಾಲ್ಕು ಸೆಕೆಂಡಿನ ಗುಂಗೂ ಒಪ್ಪೀತು.

ಭಾವಗೀತೆಯ ಮಾತು ಬೇರೆ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರು ಬೆಳೆಸಿದ ಈ ಪರಂಪರೆಯಲ್ಲಿ ಮೊದಲ ಸ್ಥಾನ ಕವಿತೆಯದು. ರಾಗ, ವಾದ್ಯ, ತಾಳ ಎಲ್ಲವೂ ಕವಿತೆಯನ್ನು ಜನರಿಗೆ ತಲುಪಿಸಲು ಬಂದವು. ಮಿಕ್ಸಿಂಗ್ ಮಾಡುವವರೂ ಆ ಸಾಲಿಗೇ ಸೇರಿದವರು, ಅವರ ಹೊಣೆಯೂ ಅದೇ.

ಕೊನೆಯದಾಗಿ ಪರೀಕ್ಷೆ. ರಿವರ್ಬ್ ಬಸ್ಸನ್ನು ಪೂರ್ತಿ ಇಳಿಸಿ, ನಿಧಾನವಾಗಿ ಏರಿಸುತ್ತ ಗುಂಗು ಕಿವಿಗೆ ಬಿದ್ದ ಕೂಡಲೇ ನಿಲ್ಲಿಸಿ, ಅಲ್ಲಿಂದ ಒಂದೆರಡು ಡೆಸಿಬೆಲ್ ಇಳಿಸಿ. ಈಗ ಬಸ್ ಮ್ಯೂಟ್ ಮಾಡಿದರೆ ಏನೋ ಕಳೆದುಹೋಯಿತು ಅನ್ನಿಸಬೇಕು, ಹಾಕಿದಾಗ ರಿವರ್ಬ್ ಇದೆ ಅನ್ನಿಸಬಾರದು. ಹೆಡ್‌ಫೋನಿನಲ್ಲಿ ಗುಂಗು ಎದ್ದು ಕೇಳುತ್ತದೆ, ಸ್ಪೀಕರಿನಲ್ಲಿ ನಿಮ್ಮ ಕೋಣೆಯ ಗುಂಗೂ ಕೂಡಿಕೊಂಡು ಅದನ್ನು ಮುಚ್ಚುತ್ತದೆ, ಹಾಗಾಗಿ ಎರಡರಲ್ಲೂ ಕೇಳಿ. ಮಾಸ್ಟರ್ ಮೇಲೆ ಲಿಮಿಟರ್ ಹಾಕಿ ಹಾಡಿನ ಮಟ್ಟ ಏರಿಸಿದಾಗ ತಗ್ಗಿನಲ್ಲಿದ್ದ ಗುಂಗೂ ಏರುತ್ತದೆ, ಆಮೇಲೆ ಇನ್ನೊಮ್ಮೆ ಕೇಳಿ. ಮೊಬೈಲಿನ ಸಣ್ಣ ಸ್ಪೀಕರಿನಲ್ಲೂ ಕೇಳಿ, ನಮ್ಮ ಬಹುಪಾಲು ಕೇಳುಗರು ಇರುವುದು ಅಲ್ಲೇ.

ಇಷ್ಟಾದ ಮೇಲೂ ನಿಮ್ಮ ಕಿವಿಯನ್ನು ನೀವೇ ನಂಬುವಂತಿಲ್ಲ. ದಿನವಿಡೀ ಕೇಳಿ ಕವಿತೆ ನಿಮಗೆ ಬಾಯಿಪಾಠವಾಗಿರುತ್ತದೆ, ಕೇಳಿಸದ ಪದವನ್ನೂ ಮನಸ್ಸು ಕೇಳಿಸಿಬಿಡುತ್ತದೆ. ಆ ಕವಿತೆಯನ್ನು ಓದಿರದ ಒಬ್ಬರನ್ನು, ಅಮ್ಮನೋ ಪಕ್ಕದ ಮನೆಯ ಹೈಸ್ಕೂಲು ಹುಡುಗನೋ ಯಾರಾದರೂ ಸರಿ, ಕೂರಿಸಿ ಕೈಗೆ ಪೆನ್ನು ಕಾಗದ ಕೊಡಿ. ಹಾಡನ್ನು ಒಮ್ಮೆ ಮೊಬೈಲಿನಲ್ಲಿ ಕೇಳಿಸಿ, ಕೇಳಿದ ಪದಗಳನ್ನು ಬರೆಯಲು ಹೇಳಿ. ಕಾಗದದಲ್ಲಿ ಪದ ತಪ್ಪಿದ ಜಾಗಗಳಿಗೆ ಹಿಂತಿರುಗಿ, ಮೊದಲು ರಿವರ್ಬ್ ತಗ್ಗಿಸಿ ನೋಡಿ. ಅಲ್ಲಿಗೂ ಪದ ತಿಳಿಯದಿದ್ದರೆ ಮಾತ್ರ ಗಾಯಕರನ್ನು ಮತ್ತೊಮ್ಮೆ ಮೈಕ್ ಮುಂದೆ ಕರೆಯಿರಿ.